ಗೋಡೆಯೊಳಗಿನ ಹೆಣಗಳು, ಹೊರಗೇ ಉಳಿದ ಹುಡುಗ: ತುಮಕೂರಿನ ಒಂದು ಚಿತ್ರಪ್ರದರ್ಶನದ ಪ್ರಕರಣ ಅಧ್ಯಯನ

ಪೀಟರ್ ಕಾರ್ನ್‌ವೆಲ್ ನಿರ್ದೇಶಿಸಿ 2009ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಹಾಂಟಿಂಗ್ ಇನ್ ಕನೆಕ್ಟಿಕಟ್’ ಎಂಬ ದೆವ್ವದ ಚಿತ್ರವನ್ನು ತುಮಕೂರಿನ ಚಿತ್ರಾಸಕ್ತರ ಬಳಗವೊಂದು ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ತನ್ನ ಸದಸ್ಯರಿಗಾಗಿ ಪ್ರದರ್ಶಿಸಿತು. ಬಿ.ಎಚ್. ರಸ್ತೆಗೆ ಹೊಂದಿಕೊಂಡ ಓಣಿಯೊಂದರ ಮಹಡಿಯ ಮೇಲಿನ ಕೋಣೆ, ಬಿಳಿ ಪರದೆ, ಪ್ರೊಜೆಕ್ಟರು, ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿಗಳಿಗೆ ಕಪ್ಪು ಬಟ್ಟೆ, ಇಷ್ಟೇ ವ್ಯವಸ್ಥೆ. ಬಂದವರಲ್ಲಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳೇ ಹೆಚ್ಚು. ಅವರ ಜೊತೆಗೆ ನಿವೃತ್ತ ಶುಶ್ರೂಷಕಿಯೊಬ್ಬರು, ಬಾಡಿಗೆ ಮನೆಗಳ ಬ್ರೋಕರ್ ಒಬ್ಬರು, ಗುಬ್ಬಿ ಕಡೆಯ ಹವ್ಯಾಸಿ ನಾಟಕದ ಹಿರಿಯರೊಬ್ಬರು ಇದ್ದರು. ಮೊದಲೇ ಕಳುಹಿಸಿದ್ದ ಸೂಚನೆಯಲ್ಲಿ ‘ನಿಜವಾಗಿ ನಡೆದ ಘಟನೆ ಆಧಾರಿತ’ ಎಂದು ದಪ್ಪಕ್ಷರದಲ್ಲಿ ಬರೆಯಲಾಗಿತ್ತು. ಚಿತ್ರದ ನಿರ್ಮಾಪಕರೂ ಅದನ್ನು ಹಾಗೆಯೇ ಪ್ರಚಾರ ಮಾಡಿದ್ದರು.

ಒಂದೂವರೆ ಗಂಟೆಯ ಈ ಚಿತ್ರವನ್ನು ಸಭೆ ನೋಡಿದ ಬಗೆಯೇ ಇಲ್ಲಿ ಅಧ್ಯಯನದ ವಸ್ತು. ಮೊದಲ ಅರ್ಧ ಗಂಟೆ ಯಾರೂ ತೆರೆಯಿಂದ ಕಣ್ಣು ತೆಗೆಯಲಿಲ್ಲ. ನಡುವೆ ಪಿಸುಮಾತು ಶುರುವಾಯಿತು. ಕೊನೆಯ ಕಾಲು ಭಾಗದಲ್ಲಿ, ಅಂದರೆ ತೆರೆಯ ಮೇಲೆ ಅತಿ ಘೋರವಾದದ್ದು ನಡೆಯುತ್ತಿದ್ದಾಗಲೇ, ಕುರ್ಚಿಗಳ ಸಾಲಿನಲ್ಲಿ ಮೊಬೈಲುಗಳು ಬೆಳಗತೊಡಗಿದವು. ಚಿತ್ರ ಮುಗಿದ ಮೇಲಿನ ಚರ್ಚೆ ಮಾತ್ರ ನಿಗದಿತ ವೇಳೆಯನ್ನು ಮೀರಿ ನಡೆಯಿತು, ಮತ್ತು ಅದು ಬಹುಪಾಲು ದೆವ್ವದ ಬಗ್ಗೆ ಆಗಿರದೆ ಆಸ್ಪತ್ರೆಯ ಬಗ್ಗೆ, ಬಾಡಿಗೆಯ ಬಗ್ಗೆ, ಕಾಯಿಲೆಯ ಮಗನನ್ನು ಕರೆದುಕೊಂಡು ಓಡಾಡುವ ತಾಯಿಯ ಬಗ್ಗೆ ಆಗಿತ್ತು. ದೆವ್ವ ಬರುವ ಮುಂಚೆ ಹೆದರಿದ್ದ ಸಭೆ ದೆವ್ವ ಬಂದ ಮೇಲೆ ಏಕೆ ನಿರಾಳವಾಯಿತು ಎಂಬ ಪ್ರಶ್ನೆಗೆ ಉತ್ತರ ಚಿತ್ರದ ಒಳಗೇ ಇದೆ ಎಂಬುದು ನನ್ನ ವಾದ. ಪ್ರೇಕ್ಷಕರಿಗೆ ಇಂಗ್ಲಿಷ್ ಹಿಡಿಯದೆ ಹೀಗಾಯಿತು ಎಂದು ಕೆಲವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಅತಿ ಹೆಚ್ಚು ಮಾತಿರುವುದು ಮೊದಲ ಅರ್ಧ ಗಂಟೆಯಲ್ಲಿ, ಅತಿ ಕಡಿಮೆ ಮಾತಿರುವುದು ಕೊನೆಯಲ್ಲಿ.

ಚಿತ್ರದ ಕಥೆ, ಅದರ ಹಿಂದಿನ ಮನೆ

ಚಿತ್ರದ ಕಥೆ 1987ರಲ್ಲಿ ನಡೆಯುತ್ತದೆ. ಸಾರಾ ಕ್ಯಾಂಪ್‌ಬೆಲ್ (ವರ್ಜೀನಿಯಾ ಮ್ಯಾಡ್ಸನ್) ಎಂಬ ತಾಯಿಯ ಹದಿಹರೆಯದ ಮಗ ಮ್ಯಾಟ್‌ಗೆ (ಕೈಲ್ ಗಾಲ್ನರ್) ಕ್ಯಾನ್ಸರ್. ಪ್ರಾಯೋಗಿಕ ಚಿಕಿತ್ಸೆ ಕೊಡುವ ಆಸ್ಪತ್ರೆ ಮನೆಯಿಂದ ಬಹಳ ದೂರ. ಚಿಕಿತ್ಸೆ ಮುಗಿಸಿಕೊಂಡು ಕಾರಿನಲ್ಲಿ ಮರಳುವಾಗ ಹುಡುಗ ಪಡುವ ಸಂಕಟವನ್ನು ನೋಡಲಾರದೆ ತಾಯಿ ಆಸ್ಪತ್ರೆಯ ಸಮೀಪದಲ್ಲೇ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತಾಳೆ. ಆ ಮನೆ ಹಿಂದೆ ಫ್ಯೂನರಲ್ ಹೋಮ್, ಅಂದರೆ ಹೆಣಗಳನ್ನು ಅಂತ್ಯಕ್ರಿಯೆಗೆ ಅಣಿಮಾಡುವ ಜಾಗವಾಗಿತ್ತು. ಹುಡುಗ ನೆಲಮಾಳಿಗೆಯ ಕೋಣೆಯನ್ನು ಆರಿಸಿಕೊಳ್ಳುತ್ತಾನೆ. ಮುಚ್ಚಿದ ಬಾಗಿಲೊಂದರ ಆಚೆ ಹೆಣ ಅಣಿಮಾಡುವ ಕೋಣೆ ಇದೆ. ಮುಂದೆ ಆ ಮನೆಯ ಹಳೆಯ ಮಾಲೀಕ ಏಕ್‌ಮನ್, ಸತ್ತವರೊಡನೆ ಮಾತನಾಡಿಸುವ ಮಾಧ್ಯಮವಾಗಿ ಅವನು ಬಳಸುತ್ತಿದ್ದ ಜೋನಾ ಎಂಬ ಹುಡುಗ, ಗೋಡೆಗಳ ಒಳಗೆ ಅಡಗಿಸಿಟ್ಟ ಹೆಣಗಳು ಎಲ್ಲ ಒಂದೊಂದಾಗಿ ಹೊರಬರುತ್ತವೆ.

ಇದರ ಮೂಲವೆಂದು ಹೇಳಲಾಗುವ ಮನೆ ಕನೆಕ್ಟಿಕಟ್ ರಾಜ್ಯದ ಸದಿಂಗ್ಟನ್ ಎಂಬ ಊರಿನಲ್ಲಿದೆ. ಸ್ನೆಡೆಕರ್ ಕುಟುಂಬ 1986ರಲ್ಲಿ ಅದನ್ನು ಬಾಡಿಗೆಗೆ ಹಿಡಿಯಿತು. ಅವರ ಮಗನಿಗೆ ಹಾಡ್ಜ್‌ಕಿನ್ಸ್ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಇತ್ತು. ಆಸ್ಪತ್ರೆಗೆ ಹತ್ತಿರವಾಗಲೆಂದೇ ಅವರು ಅಲ್ಲಿಗೆ ಬಂದರು. ಮನೆ ದಶಕಗಳ ಕಾಲ ಫ್ಯೂನರಲ್ ಹೋಮ್ ಆಗಿತ್ತೆಂಬುದೂ ನಿಜ. ವಿಚಿತ್ರ ಆಕೃತಿಗಳನ್ನು ಕಂಡೆವು, ಅಮಾನುಷ ಶಕ್ತಿಗಳು ಮೈಮೇಲೆ ಎರಗಿದವು ಎಂದು ಕುಟುಂಬದವರು ಹೇಳಿಕೊಂಡರು. 1988ರಲ್ಲಿ ಎಡ್ ಮತ್ತು ಲೊರೇನ್ ವಾರೆನ್ ಎಂಬ ಪ್ರಸಿದ್ಧ ಪ್ರೇತಶೋಧಕ ದಂಪತಿ ಅಲ್ಲಿಗೆ ಬಂದರು. 1992ರಲ್ಲಿ ಭಯಾನಕ ಕಾದಂಬರಿಗಳ ಲೇಖಕ ರೇ ಗಾರ್ಟನ್ ಕೈಯಲ್ಲಿ ಬರೆಸಿದ ಪುಸ್ತಕ ಹೊರಬಂದಿತು, 2002ರಲ್ಲಿ ಡಿಸ್ಕವರಿ ಚಾನೆಲ್ಲಿನಲ್ಲಿ ಅದು ಕಾರ್ಯಕ್ರಮವಾಯಿತು, 2009ರಲ್ಲಿ ಈ ಚಿತ್ರವಾಯಿತು.

ಈ ಸರಪಳಿಯ ಕೊಂಡಿಗಳಲ್ಲಿ ಗಾರ್ಟನ್ ಅವರದು ಮುಖ್ಯವಾದದ್ದು. ಕುಟುಂಬದವರು ಹೇಳುವ ಮಾತುಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ, ಈ ತೊಡಕನ್ನು ಎಡ್ ವಾರೆನ್ ಅವರ ಮುಂದಿಟ್ಟಾಗ ಸಿಕ್ಕಿದ್ದನ್ನು ಬಳಸಿಕೊಂಡು ಉಳಿದದ್ದನ್ನು ಕಲ್ಪಿಸಿ ಹೆದರಿಕೆ ಹುಟ್ಟಿಸುವಂತೆ ಬರೆಯಬೇಕೆಂಬ ಸಲಹೆ ಬಂತು ಎಂದು ಅವರೇ ಆಮೇಲೆ ಬಹಿರಂಗವಾಗಿ ಹೇಳಿದ್ದಾರೆ. ಇಂಥ ಪ್ರಕರಣಗಳನ್ನು ಪರಿಶೀಲಿಸುತ್ತಿದ್ದ ಜೋ ನಿಕೆಲ್ ಅವರು ಸದಿಂಗ್ಟನ್ನಿನ ಅನುಭವಗಳಲ್ಲಿ ಹಲವು ನಿದ್ರೆ ಮತ್ತು ಎಚ್ಚರದ ನಡುವಿನ ಸ್ಥಿತಿಯಲ್ಲಿ ಆಗುವ ಅನುಭವಗಳನ್ನು ಹೋಲುತ್ತವೆ ಎಂದು ಗುರುತಿಸಿದರು. ಕನಸಿನ ನಿದ್ರೆಯಲ್ಲಿ ದೇಹದ ಸ್ನಾಯುಗಳು ಸಡಿಲವಾಗಿ ನಿಶ್ಚಲವಾಗಿರುತ್ತವೆ. ಕೆಲವೊಮ್ಮೆ ಮನಸ್ಸು ಎಚ್ಚರವಾದ ಮೇಲೂ ಆ ನಿಶ್ಚಲತೆ ಕ್ಷಣಕಾಲ ಉಳಿಯುತ್ತದೆ. ಆಗ ಎದೆಯ ಮೇಲೆ ಯಾರೋ ಕುಳಿತಂತೆ, ಕೋಣೆಯಲ್ಲಿ ಯಾರೋ ನಿಂತಂತೆ ಅನಿಸುತ್ತದೆ, ಕೂಗಲು ಹೋದರೆ ದನಿ ಬರುವುದಿಲ್ಲ. ನಮ್ಮ ಕಡೆ ಎದೆ ಮೇಲೆ ದೆವ್ವ ಕೂತಿತ್ತು ಎನ್ನುವುದೂ ಬಹಳ ಸಲ ಇದನ್ನೇ. ಅನುಭವಿಸಿದವರ ಪಾಲಿಗೆ ಆ ಭಯ ಸುಳ್ಳಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸ್ನೆಡೆಕರ್ ಕುಟುಂಬದವರು ಹೆದರಿದ್ದರೇ ಇಲ್ಲವೇ ಎಂಬುದು ಈ ಅಧ್ಯಯನದ ಪ್ರಶ್ನೆಯೂ ಅಲ್ಲ.

ಚಿತ್ರದ ಕೊನೆಯಲ್ಲಿ ಬರುವಂತೆ ಗೋಡೆಗಳೊಳಗೆ ಹೆಣಗಳು ಸಿಕ್ಕಿದ್ದು, ಮನೆ ಹೊತ್ತಿ ಉರಿದದ್ದು ಸದಿಂಗ್ಟನ್ನಿನಲ್ಲಿ ನಡೆಯಲೇ ಇಲ್ಲ. ಆ ಮನೆ ಸುಡಲಿಲ್ಲ.

ದಾರಿಯ ಭಯ

ನಿವೃತ್ತ ಶುಶ್ರೂಷಕಿಯನ್ನು ಬಳಗದಲ್ಲಿ ಎಲ್ಲರೂ ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಚರ್ಚೆಯ ದಿಕ್ಕನ್ನು ನಿರ್ಧರಿಸಿದ್ದು ಅವರ ಮಾತು. ದ್ವಿತೀಯ ವರ್ಷದ ಹುಡುಗನೊಬ್ಬ, ಹೆಣಗಳ ಮನೆ ಎಂದು ಗೊತ್ತಿದ್ದೂ ಆ ತಾಯಿ ಅದನ್ನು ಬಾಡಿಗೆಗೆ ಹಿಡಿದದ್ದನ್ನು ನಂಬುವುದಕ್ಕೆ ಆಗುವುದಿಲ್ಲ ಎಂದಾಗ ಅವರು ಹೇಳಿದ್ದು ಇದು: “ಅವಳಿಗೆ ದೆವ್ವದ ಭಯ ಇರ್ಲಿಲ್ಲ ಅಂತಲ್ಲ ಕಣಪ್ಪ. ದಾರಿ ಭಯ ಅದಕ್ಕಿಂತ ದೊಡ್ಡದಿತ್ತು. ಕಿಮೋ ಹಾಕಿಸ್ಕೊಂಡ ಮಗೂನ ಬಸ್ಸಲ್ಲಿ ಕರ್ಕೊಂಡು ಬಂದಿದ್ರೆ ನಿಂಗೂ ಗೊತ್ತಾಗ್ತಿತ್ತು.”

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. 1973ರಲ್ಲಿ ಅಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಈ ಜಿಲ್ಲೆಯ ಎಷ್ಟೋ ಕುಟುಂಬಗಳು ಮುಂಜಾನೆಯ ರೈಲು ಹಿಡಿದು ಹೋಗಿ ಸಂಜೆ ಮರಳಿವೆ. ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ದಾರಿ ಇನ್ನೂ ಉದ್ದ. ಸಿಸ್ಟರ್ ವಿವರಿಸಿದ ಪ್ರಯಾಣದಲ್ಲಿ ರೋಗಿಗೆ ಕಿಟಕಿ ಪಕ್ಕದ ಸೀಟು ಬೇಕು, ಮಡಿಲಲ್ಲಿ ಒಂದರೊಳಗೊಂದು ಹಾಕಿದ ಎರಡು ಪ್ಲಾಸ್ಟಿಕ್ ಕವರ್ ಇರಬೇಕು, ಮೂಸಿ ನೋಡಲು ಅಂಗೈಯಲ್ಲಿ ನಿಂಬೆಹಣ್ಣು, ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್. ನೆಲಮಂಗಲ ದಾಟುವ ಹೊತ್ತಿಗೆ ಕವರ್ ತುಂಬಿರುತ್ತದೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗಿರುತ್ತಾರೆ. ಮುಂದಿನ ಸಲಕ್ಕೆ ಬೆಂಗಳೂರಿನಲ್ಲಿ ಯಾರ ಮನೆಯಲ್ಲಾದರೂ ಉಳಿಯಬಹುದೇ, ಆಸ್ಪತ್ರೆಯ ಹತ್ತಿರ ಒಂದು ರೂಮು ಸಿಗುತ್ತದೆಯೇ ಎಂಬ ಲೆಕ್ಕಾಚಾರ ಅಲ್ಲಿಂದಲೇ ಶುರುವಾಗುತ್ತದೆ. ಸಭೆಯಲ್ಲಿ ಈ ಮಾತು ಕೇಳಿ ತಲೆ ತಗ್ಗಿಸಿ ಕೂತವರು ಒಬ್ಬಿಬ್ಬರಲ್ಲ. ತೆರೆಯ ಮೇಲಿನ ಕನೆಕ್ಟಿಕಟ್ ಅವರಿಗೆ ಪರದೇಶವಾಗಿ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಚಿತ್ರದ ಅತ್ಯುತ್ತಮ ಕಲ್ಪನೆಯೂ ಇದೇ ಭಾಗದಲ್ಲಿದೆ. ಮ್ಯಾಟ್‌ಗೆ ಕೊಡುತ್ತಿರುವುದು ಪ್ರಾಯೋಗಿಕ ಚಿಕಿತ್ಸೆ. ಭ್ರಮೆಗಳು ಕಾಣತೊಡಗಿದವೆಂದು ವೈದ್ಯರಿಗೆ ಗೊತ್ತಾದರೆ ಅವನನ್ನು ಆ ಚಿಕಿತ್ಸೆಯಿಂದ ಕೈಬಿಡುತ್ತಾರೆ. ಆದ್ದರಿಂದ ನೆಲಮಾಳಿಗೆಯಲ್ಲಿ ಕಂಡದ್ದನ್ನು ಅವನು ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಬದುಕುವ ಒಂದೇ ದಾರಿ ಮುಚ್ಚುತ್ತದೆ, ಹೇಳದಿದ್ದರೆ ಆ ಕೋಣೆಯಲ್ಲಿ ಒಬ್ಬನೇ ಮಲಗಬೇಕು. ಇದರ ಜೊತೆಗೆ ಆಸ್ಪತ್ರೆಯಲ್ಲಿ ಅವನಿಗೆ ಭೇಟಿಯಾಗುವ ಪಾದ್ರಿ ಪೊಪೆಸ್ಕು (ಇಲಿಯಾಸ್ ಕೋಟಿಯಸ್) ತಾನೂ ಕ್ಯಾನ್ಸರ್ ರೋಗಿ. ಸಾವಿನ ಹತ್ತಿರ ಹೋದವರಿಗೆ ಮಾತ್ರ ಸತ್ತವರು ಕಾಣುತ್ತಾರೆ ಎಂಬುದು ಅವನ ನಂಬಿಕೆ. ಹೀಗೆ ಹುಡುಗನಿಗೆ ದೆವ್ವ ಕಂಡರೂ ಕೆಟ್ಟದ್ದು, ಕಂಡದ್ದು ಭ್ರಮೆಯಾದರೂ ಕೆಟ್ಟದ್ದು: ಮೊದಲನೆಯದು ಸಾವು ಹತ್ತಿರವಾದುದರ ಗುರುತು, ಎರಡನೆಯದು ಔಷಧಿ ಕೈತಪ್ಪುವುದರ ಗುರುತು. ಇಷ್ಟು ಬಿಗಿಯಾದ ಗಂಟು ಈ ಬಗೆಯ ಚಿತ್ರಗಳಲ್ಲಿ ಅಪರೂಪ. ಗಾಲ್ನರ್ ಅವರ ಬಿಳಚಿದ ಮುಖ, ಮಾತನ್ನು ನುಂಗಿಕೊಳ್ಳುವ ರೀತಿ ಈ ಗಂಟನ್ನು ಚೆನ್ನಾಗಿ ಹೊತ್ತಿವೆ. ಮ್ಯಾಡ್ಸನ್ ಅವರ ಅಭಿನಯವೂ ಅಷ್ಟೇ ಪ್ರಾಮಾಣಿಕವಾದದ್ದು.

ಗಂಟು ಬಿಚ್ಚಿಹೋದ ಕ್ಷಣ

ಚಿತ್ರ ಈ ಗಂಟನ್ನು ತಾನೇ ಬಿಚ್ಚಿಬಿಡುತ್ತದೆ. ಮ್ಯಾಟ್‌ನೊಬ್ಬನಿಗೇ ಕಾಣುತ್ತಿದ್ದದ್ದು ಮನೆಯ ಉಳಿದವರ ಅನುಭವಕ್ಕೂ ಬರತೊಡಗುತ್ತದೆ. ಸ್ನಾನಕ್ಕೆ ನಿಂತ ವೆಂಡಿ ಎಂಬ ತರುಣಿಯ ಮುಖಕ್ಕೆ ಸ್ನಾನದ ಮನೆಯ ಪರದೆ ತಾನಾಗಿಯೇ ಸುತ್ತಿಕೊಂಡು ಉಸಿರುಗಟ್ಟಿಸುತ್ತದೆ. ಆ ದೃಶ್ಯದಲ್ಲಿ ನಮ್ಮ ಸಭೆಯ ಒಂದಿಬ್ಬರು ನಕ್ಕರು. ಅವರು ನಕ್ಕದ್ದು ದೃಶ್ಯದ ತಾಂತ್ರಿಕ ದೋಷಕ್ಕಲ್ಲ. ಆ ಕ್ಷಣದಲ್ಲಿ ಅನುಮಾನವೆಂಬುದು ಮುಗಿದುಹೋಗಿ, ಮನೆಯಲ್ಲಿ ದೆವ್ವ ಇದೆ ಎಂದು ಚಿತ್ರ ಷರಾ ಬರೆದುಬಿಟ್ಟಿತು. ಅಲ್ಲಿಗೆ ಹುಡುಗನ ಗುಟ್ಟಿಗೆ ಬೆಲೆ ಉಳಿಯಲಿಲ್ಲ, ವೈದ್ಯರ ಷರತ್ತಿಗೆ ಅರ್ಥ ಉಳಿಯಲಿಲ್ಲ, ಕಾಯಿಲೆ ಹಿನ್ನೆಲೆಗೆ ಸರಿಯಿತು.

ವಿದ್ಯಾರ್ಥಿನಿಯೊಬ್ಬಳು ಇಲ್ಲಿ 2004ರ ‘ಆಪ್ತಮಿತ್ರ’ವನ್ನು ನೆನಪಿಸಿದ್ದು ಸಮಂಜಸವಾಗಿತ್ತು. ಬಂಗಲೆಯಲ್ಲಿ ನಾಗವಲ್ಲಿಯ ಆತ್ಮ ಇದೆಯೋ, ಗಂಗಾಳ ಮನಸ್ಸಿಗೆ ಕಾಯಿಲೆಯೋ ಎಂಬ ಪ್ರಶ್ನೆಯನ್ನು ಆ ಚಿತ್ರ ಬಹಳ ಹೊತ್ತು ಕಾಯ್ದಿಟ್ಟುಕೊಳ್ಳುತ್ತದೆ. ಮನೋವೈದ್ಯನ ಉತ್ತರ ಬಂದ ಮೇಲೂ ಪ್ರೇಕ್ಷಕರ ಮನಸ್ಸಿನಲ್ಲಿ ಒಂದಿಷ್ಟು ಅಳುಕು ಉಳಿಯುತ್ತದೆ. ನಾಟಕದ ಹಿರಿಯರು ಇದನ್ನೇ ರಂಗದ ಮಾತಿನಲ್ಲಿ ಹೇಳಿದರು: “ಯಮ ಬರ್ತಾನೆ ಅನ್ನೋವರೆಗೂ ಜನ ಉಸಿರು ಬಿಗಿ ಹಿಡಿದಿರ್ತಾರೆ. ಬಂದು ನಿಂತ ಮೇಲೆ ಅವನ ಮೀಸೆ ನೋಡ್ತಾರೆ, ಕಿರೀಟ ನೋಡ್ತಾರೆ.” 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಜಿಲ್ಲೆಯಲ್ಲಿ ಪ್ರವೇಶದ ಮಹತ್ವ ತಿಳಿದವರಿಗೆ ಕೊರತೆಯಿಲ್ಲ.

ಶಬ್ದದ ಬಳಕೆಯನ್ನೂ ಇಲ್ಲಿ ಹೇಳಬೇಕು. ಕನ್ನಡಿಯಲ್ಲಿ ಒಂದು ಆಕೃತಿ, ಹಿಂದೆ ಹಾದುಹೋಗುವ ನೆರಳು, ಅದರೊಂದಿಗೆ ಕಿವಿಗೆ ಅಪ್ಪಳಿಸುವ ಸದ್ದು. ಚಿತ್ರ ಈ ತಂತ್ರವನ್ನು ಎಡೆಬಿಡದೆ ಬಳಸುತ್ತದೆ. ಜೋರು ಸದ್ದಿಗೆ ಬೆಚ್ಚಿಬೀಳುವುದು ದೇಹದ ಪ್ರತಿಕ್ರಿಯೆ. ಅದಕ್ಕೆ ಕಥೆಯಲ್ಲಿ ನಂಬಿಕೆಯೇ ಬೇಕಿಲ್ಲ, ಕುಕ್ಕರ್ ಕೂಗಿದರೂ ಬೆಚ್ಚುತ್ತೇವೆ. ಮತ್ತೆ ಮತ್ತೆ ಅದೇ ಸದ್ದು ಕೇಳಿದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಮ್ಮ ಕೋಣೆಯಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು: ಆರಂಭದ ಸದ್ದುಗಳಿಗೆ ಕುರ್ಚಿಗಳು ಕಿರುಗುಟ್ಟಿದವು, ಸ್ವಲ್ಪ ಹೊತ್ತಿನ ಮೇಲೆ ಹಲವರ ಕಣ್ಣು ತೆರೆಯನ್ನು ಬಿಟ್ಟು ಗೋಡೆಯ ಮೇಲಿನ ಸ್ಪೀಕರಿನ ಕಡೆ ಹೋಯಿತು, ಆಮೇಲೆ ಯಾರೂ ಅಲುಗಲಿಲ್ಲ. ಇದೇ ಚಿತ್ರದಲ್ಲಿ ಕುಡಿದು ಬಂದ ತಂದೆ ಕರೆಂಟ್ ಬಿಲ್ಲಿನ ಸಿಟ್ಟಿನಲ್ಲಿ ಮನೆಯ ಬಲ್ಬುಗಳ ಮೇಲೆ ಹರಿಹಾಯುವ ದೃಶ್ಯದಲ್ಲಿ ಅಂಥ ಯಾವ ಸದ್ದೂ ಬೇಕಾಗಿರಲಿಲ್ಲ, ಸಭೆ ಕಲ್ಲಿನಂತೆ ಕೂತಿತ್ತು. ಸಾಲ, ಕುಡಿತ, ಕಾಯಿಲೆ ಮೂರೂ ಒಟ್ಟಿಗೆ ಸೇರಿದ ಮನೆಯ ಕತ್ತಲೆ ಎಂಥದ್ದೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಬಾಗಿಲು ಹಾಕಿದ ಮನೆ

ಫ್ಯೂನರಲ್ ಹೋಮ್ ಎಂದರೇನೆಂದು ಪ್ರದರ್ಶನಕ್ಕೆ ಮುಂಚೆ ವಿವರಿಸಬೇಕಾಯಿತು. ಹೆಣವನ್ನು ರಾಸಾಯನಿಕಗಳಿಂದ ಕೆಡದಂತೆ ಮಾಡಿ, ಅಲಂಕರಿಸಿ, ದಿನಗಟ್ಟಲೆ ದರ್ಶನಕ್ಕಿಡುವ ಪದ್ಧತಿ ಅಮೆರಿಕದಲ್ಲಿ ಹರಡಿದ್ದು 1861ರಿಂದ 1865ರವರೆಗಿನ ಅಂತರ್ಯುದ್ಧದ ಕಾಲದಲ್ಲಿ, ದೂರದಲ್ಲಿ ಸತ್ತ ಸೈನಿಕರನ್ನು ಊರಿಗೆ ಕಳುಹಿಸಬೇಕಾಗಿ ಬಂದಾಗ. ನಮ್ಮಲ್ಲಿ ಸಾಮಾನ್ಯವಾಗಿ ಅದೇ ದಿನ ಅಥವಾ ಮಾರನೆಯ ದಿನ ಹೆಣ ಎತ್ತಿಬಿಡುವುದರಿಂದ, ಹೆಣಗಳು ಬಂದು ಹೋಗುವುದಕ್ಕೆಂದೇ ಒಂದು ಮನೆ ಇರುತ್ತದೆ ಎಂಬುದು ಹೊಸ ಸಂಗತಿ. ಆದ್ದರಿಂದ ತುಮಕೂರಿನ ಪ್ರೇಕ್ಷಕರನ್ನು ಈ ಚಿತ್ರ ತಟ್ಟಲಾರದು ಎಂದು ಕೆಲವರು ವಾದಿಸಿದರು. ಬ್ರೋಕರ್ ಅವರ ಮಾತು ಆ ವಾದವನ್ನು ತಲೆಕೆಳಗು ಮಾಡಿತು.

ಸಾವು ಮನೆಗೆ ಅಂಟಿಕೊಳ್ಳುತ್ತದೆ ಎಂಬ ನಂಬಿಕೆ ಇಲ್ಲಿ ಅಲ್ಲಿಗಿಂತ ಗಟ್ಟಿಯಾಗಿದೆ. ಧನಿಷ್ಠಾ ಪಂಚಕದಂಥ ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಮನೆಯವರು ತಿಂಗಳುಗಟ್ಟಲೆ ಆ ಮನೆಯ ಬಾಗಿಲು ಹಾಕಿ ಬೇರೆಡೆ ಇರುವುದುಂಟು. ಬಾಡಿಗೆದಾರರ ಪೈಕಿ ಯಾರಾದರೂ ಹಾಗೆ ತೀರಿಕೊಂಡರೆ ಮಾಲೀಕರಿಗೂ ಬ್ರೋಕರಿಗೂ ಅದು ನಿಜವಾದ ತಲೆನೋವು. ಬ್ರೋಕರ್ ಅವರ ಮಾತಿನಲ್ಲೇ ಹೇಳುವುದಾದರೆ: “ಅಡ್ವಾನ್ಸ್ ಕಮ್ಮಿ ಮಾಡಿದ್ರೆ ಬಂದೋರು ಮೊದಲು ಕೇಳೋದೇ ‘ಯಾಕ್ರೀ ಇಷ್ಟು ಕಮ್ಮಿ, ಯಾರಾದ್ರೂ ಹೋಗ್ಬಿಟ್ರಾ ಇಲ್ಲಿ’ ಅಂತ. ಆದ್ರೆ ಆಸ್ಪತ್ರೆ ಖರ್ಚಿಗೆ ಬಿದ್ದೋರು ಕೇಳಲ್ಲ ಸಾರ್. ಅವ್ರಿಗೂ ಗೊತ್ತಿರುತ್ತೆ, ನಂಗೂ ಗೊತ್ತಿರುತ್ತೆ. ಇಬ್ರೂ ಬಾಯಿ ಬಿಡಲ್ಲ.”

ಇಡೀ ಚರ್ಚೆಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ ಮಾತು ಇದು. ಕೇಳಬಾರದ್ದನ್ನು ಕೇಳದೆ ಬೀಗದ ಕೈ ಇಸಿದುಕೊಳ್ಳುವ ಗಳಿಗೆ ಈ ಚಿತ್ರದಲ್ಲೂ ಇದೆ. ತಾಯಿ ಗಂಡನನ್ನೂ ಕೇಳದೆ ಮನೆ ಹಿಡಿಯುತ್ತಾಳೆ, ಮನೆಯ ಹಿಂದಿನ ಕಥೆ ಮಕ್ಕಳಿಗೆ ತಿಳಿಯದಂತೆ ನೋಡಿಕೊಳ್ಳುತ್ತಾಳೆ. ಮನೆಯೊಳಗಿನ ಒಬ್ಬೊಬ್ಬರೂ ಒಂದೊಂದು ಗುಟ್ಟನ್ನು ಒಳಗಿಟ್ಟುಕೊಂಡು ಬದುಕುವ ಆ ಸ್ಥಿತಿಯನ್ನು ಇನ್ನಷ್ಟು ಹಿಂಬಾಲಿಸಿದ್ದರೆ ಚಿತ್ರಕ್ಕೆ ಬೇರೆ ದೆವ್ವವೇ ಬೇಕಾಗುತ್ತಿರಲಿಲ್ಲ. ಅದರ ಬದಲು ಚಿತ್ರ ಕಥೆಯನ್ನು 1920ರ ದಶಕದ ಖಳನೊಬ್ಬನ ಕೈಗೆ ಒಪ್ಪಿಸುತ್ತದೆ, ಹೆಣಗಳ ರೆಪ್ಪೆ ಕತ್ತರಿಸಿದ, ಚರ್ಮದ ಮೇಲೆ ಅಕ್ಷರ ಕೊರೆದ ವಿವರಗಳನ್ನು ತೋರಿಸುವುದರಲ್ಲಿ ಮೈಮರೆಯುತ್ತದೆ. ಅಸಹ್ಯ ಹೆಚ್ಚಿದಂತೆಲ್ಲ ಭಯ ತಗ್ಗಿತು. ಯಾರದೋ ಕಾಲದ ಯಾರದೋ ಪಾಪಕ್ಕೆ ಇಂದಿನ ಬಾಡಿಗೆದಾರರು ಹೊಣೆಯಲ್ಲವಾದ್ದರಿಂದ, ನೋಡುವವರಿಗೂ ಅದರಲ್ಲಿ ಪಾಲಿರಲಿಲ್ಲ.

ಬಾಯಿಂದ ಹೊರಬಂದ ಬಟ್ಟೆ

ಚಿತ್ರದ ಪೋಸ್ಟರಿನಲ್ಲಿ ಹುಡುಗನ ಬಾಯಿಂದ ಬಿಳಿಯ ಹೊಗೆಯಂಥ ವಸ್ತುವೊಂದು ಹೊರಚಾಚಿಕೊಂಡಿರುವ ಚಿತ್ರವಿದೆ. ಇದನ್ನು ಎಕ್ಟೋಪ್ಲಾಸಂ ಎನ್ನುತ್ತಾರೆ. ಪ್ರೇತಗಳು ರೂಪ ತಳೆಯಲು ಮಾಧ್ಯಮದ ದೇಹದಿಂದ ಸ್ರವಿಸುವ ವಸ್ತು ಎಂಬುದು ಪ್ರೇತವಾದಿಗಳ ನಂಬಿಕೆ. ಈ ಹೆಸರನ್ನು 1894ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಶರೀರವಿಜ್ಞಾನಿ ಚಾರ್ಲ್ಸ್ ರಿಶೆ. ಚರ್ಚೆಯ ವೇಳೆ ಆ ಕಾಲದ ನಿಜವಾದ ಎಕ್ಟೋಪ್ಲಾಸಂ ಛಾಯಾಚಿತ್ರಗಳನ್ನು ತೆರೆಯ ಮೇಲೆ ತೋರಿಸಿದಾಗ ಸಿಸ್ಟರ್ ಎದ್ದು ತೆರೆಯ ಹತ್ತಿರ ಹೋದರು. “ಇದು ಗಾಜ್ ಬಟ್ಟೆ. ಅಂಚು ನೋಡಿ, ಮಡಿಕೆ ನೋಡಿ. ಗಾಯಕ್ಕೆ ತುಂಬೋವಾಗ ನಾವು ಇದನ್ನೇ ಮೊಳಗಟ್ಟಲೆ ಮಡಚ್ತಿದ್ವಿ” ಎಂದರು.

ಅವರ ಕಣ್ಣು ತಪ್ಪಿರಲಿಲ್ಲ. ಹೆಲೆನ್ ಡಂಕನ್ ಎಂಬ ಸ್ಕಾಟ್ಲೆಂಡಿನ ಮಾಧ್ಯಮವನ್ನು 1931ರಲ್ಲಿ ಪರೀಕ್ಷಿಸಿದ ಪ್ರೇತಶೋಧಕ ಹ್ಯಾರಿ ಪ್ರೈಸ್, ಆಕೆ ತೆಳುವಾದ ಜಾಳು ಬಟ್ಟೆಯನ್ನು ನುಂಗಿ ಬೇಕಾದಾಗ ಹೊರತೆಗೆಯುತ್ತಾಳೆ ಎಂಬ ತೀರ್ಮಾನಕ್ಕೆ ಬಂದಿದ್ದರು. 1944ರಲ್ಲಿ ಆಕೆಗೆ ಬ್ರಿಟನ್ನಿನಲ್ಲಿ 1735ರ ವಾಮಾಚಾರ ಕಾಯಿದೆಯಡಿ ಶಿಕ್ಷೆಯೂ ಆಯಿತು. ಮಕ್ಕಳನ್ನು, ಗಂಡಂದಿರನ್ನು ಯುದ್ಧದಲ್ಲಿ ಕಳೆದುಕೊಂಡವರು ಕತ್ತಲ ಕೋಣೆಯಲ್ಲಿ ಕೂತು ಒಂದು ತುಂಡು ಬಟ್ಟೆಯಲ್ಲಿ ತಮ್ಮವರ ಮುಖ ಹುಡುಕುತ್ತಿದ್ದರು ಎಂಬುದಕ್ಕಿಂತ ದಾರುಣವಾದ ಸಂಗತಿ ಈ ಇತಿಹಾಸದಲ್ಲಿ ಇನ್ನೊಂದಿಲ್ಲ, ಆದರೆ ಚಿತ್ರ ಅದನ್ನು ಮುಟ್ಟುವುದೇ ಇಲ್ಲ. ಅದು ಆ ವಸ್ತುವನ್ನು ನಿಜವೆಂದೇ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಅದನ್ನು ಇನ್ನಷ್ಟು ಉದ್ದ ಮಾಡಿ ತೋರಿಸುತ್ತದೆ. ನಿಜವಾದ ಇತಿಹಾಸ ಕೈಯಲ್ಲಿದ್ದೂ ಅದನ್ನು ಬಿಟ್ಟು ಸುಳ್ಳನ್ನು ಆರಿಸಿಕೊಂಡದ್ದು ಈ ಚಿತ್ರದಲ್ಲಿ ಮತ್ತೆ ಮತ್ತೆ ಕಾಣುವ ದೋಷ.

‘ನಿಜ ಘಟನೆ’ ಎಂಬ ಹಣೆಪಟ್ಟಿ

ಈ ಹಣೆಪಟ್ಟಿ ವ್ಯಾಪಾರಕ್ಕೆ ಒದಗಿದೆ. ಸುಮಾರು 1 ಕೋಟಿ ಡಾಲರ್ ವೆಚ್ಚದ ಚಿತ್ರ ಪ್ರಪಂಚದಾದ್ಯಂತ 7 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2013ರಲ್ಲಿ ಬಂದ ಅದರ ಮುಂದಿನ ಚಿತ್ರ ಜಾರ್ಜಿಯಾ ರಾಜ್ಯದಲ್ಲಿ ನಡೆಯುವ ಬೇರೆಯೇ ಕುಟುಂಬದ ಕಥೆಯಾಗಿದ್ದರೂ ಹೆಸರಿನಲ್ಲಿ ಕನೆಕ್ಟಿಕಟ್ ಉಳಿದುಕೊಂಡಿತು. ಇದಕ್ಕೂ ಮುಂಚಿನ, ನ್ಯೂಯಾರ್ಕ್ ರಾಜ್ಯದ ಅಮಿಟಿವಿಲ್ ಮನೆಯ ಕಥೆ ಇದೇ ಹಾದಿಯದು: 1974ರಲ್ಲಿ ನಡೆದ ಕೊಲೆಗಳು ನಿಜ, 1975ರ ಕೊನೆಯಲ್ಲಿ ಆ ಮನೆಗೆ ಬಂದ ಕುಟುಂಬ 28 ದಿನಗಳಲ್ಲಿ ಬಿಟ್ಟುಹೋದದ್ದು ನಿಜ, 1977ರಲ್ಲಿ ಪುಸ್ತಕ, 1979ರಲ್ಲಿ ಚಿತ್ರ, ಕೊಲೆಗಾರನ ವಕೀಲರಾಗಿದ್ದವರು ಆ ಕಥೆಯನ್ನು ತಾವೆಲ್ಲ ಕೂತು ವೈನ್ ಕುಡಿಯುತ್ತ ಹೆಣೆದದ್ದೆಂದು ಹೇಳಿದ್ದೂ ಅದೇ 1979ರಲ್ಲಿ. ಕನ್ನಡದಲ್ಲಿ 2013ರ ‘6-5=2’ ಕೂಡ ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕಿದ ದೃಶ್ಯಗಳೆಂಬ ಭಾವನೆಯನ್ನು ಕಟ್ಟಿಕೊಂಡೇ ಪ್ರೇಕ್ಷಕರನ್ನು ಸೆಳೆಯಿತು.

ಹಣೆಪಟ್ಟಿಯೇ ದೋಷಿ ಎನ್ನಲಾಗದು. 2013ರ ‘ದಿ ಕಂಜ್ಯೂರಿಂಗ್’ ಕೂಡ ಇದೇ ವಾರೆನ್ ದಂಪತಿಯ ಇನ್ನೊಂದು ಪ್ರಕರಣವನ್ನು, ರೋಡ್ ಐಲೆಂಡಿನ ಪೆರನ್ ಕುಟುಂಬದ ಕಥೆಯನ್ನು, ನಿಜವೆಂದೇ ಸಾರಿಕೊಂಡು ಬಂತು. ಆದರೆ ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚಪ್ಪಾಳೆಯ ಸದ್ದು ಹುಡುಕುವ ಮಕ್ಕಳ ಆಟವೊಂದನ್ನು ಮೊದಲು ಸಾವಧಾನವಾಗಿ ತೋರಿಸಿ, ಆಮೇಲೆ ಆ ಚಪ್ಪಾಳೆ ಎಲ್ಲಿಂದ ಬರುತ್ತದೆಂದು ಕಾಯುವಂತೆ ಮಾಡುತ್ತಾರೆ. ನಂಬಿಸುವ ಕೆಲಸವನ್ನು ಚಿತ್ರ ತಾನೇ ಮಾಡುತ್ತದೆ. ಕನೆಕ್ಟಿಕಟ್‌ನ ಚಿತ್ರ ಆ ಕೆಲಸವನ್ನು ಹಣೆಪಟ್ಟಿಗೆ ವಹಿಸಿ ಕೈ ತೊಳೆದುಕೊಂಡಿತು ಎಂಬುದು ನನ್ನ ಆಕ್ಷೇಪ. ನಿಜವೆಂದು ಮೊದಲೇ ಹೇಳಿಸಿಕೊಂಡ ಪ್ರೇಕ್ಷಕರು ಚಿಕ್ಕ ಚಿಕ್ಕ ಸಂಗತಿಗಳಲ್ಲೂ ನಿಜವನ್ನೇ ನಿರೀಕ್ಷಿಸುತ್ತಾರೆ. ನಮ್ಮ ಸಭೆ ಬಸ್ಸನ್ನು, ಬಾಡಿಗೆಯನ್ನು, ಗಾಜ್ ಬಟ್ಟೆಯನ್ನು ಎತ್ತಿದ್ದು ಆ ನಿರೀಕ್ಷೆಯಿಂದಲೇ. ಹಾಗೆ ಕೇಳುತ್ತ ಹೋದರೆ ಗೋಡೆ ಒಡೆದು ಬೀಳುವ ಹೆಣಗಳ ರಾಶಿಯ ಹೊತ್ತಿಗೆ ಯಾರ ಬಳಿಯೂ ನಂಬಿಕೆ ಉಳಿಯುವುದಿಲ್ಲ.

ಕೊನೆಯ ಬರಹ

ಚಿತ್ರದ ಅಂತ್ಯದಲ್ಲಿ ಮ್ಯಾಟ್ ಕೊಡಲಿಯಿಂದ ಗೋಡೆಗಳನ್ನು ಒಡೆಯುತ್ತಾನೆ, ಮನೆಗೆ ಬೆಂಕಿ ಹಚ್ಚುತ್ತಾನೆ, ಸಾವಿನ ಅಂಚಿಗೆ ಹೋಗಿ ಮರಳುತ್ತಾನೆ. ಆಮೇಲೆ ತೆರೆಯ ಮೇಲೆ ಬರಹ ಮೂಡುತ್ತದೆ: ಅವನ ಕ್ಯಾನ್ಸರ್ ಮಾಯವಾಯಿತು, ಮನೆಯನ್ನು ಮತ್ತೆ ಕಟ್ಟಿ ಮಾರಲಾಯಿತು, ಮುಂದೆ ಅಲ್ಲಿ ಯಾವ ಉಪದ್ರವವೂ ಕಾಣಿಸಲಿಲ್ಲ. ಸಭೆಯಲ್ಲಿ ಬೇಸರವನ್ನು ಮೀರಿದ ಸಿಟ್ಟು ಕಂಡದ್ದು ಇಲ್ಲಿ ಮಾತ್ರ. ಕ್ಯಾನ್ಸರ್‌ನಿಂದ ತಾಯಿಯನ್ನು ಕಳೆದುಕೊಂಡಿದ್ದ ಸದಸ್ಯರೊಬ್ಬರು ಆ ಬರಹ ಮುಗಿಯುವ ಮುಂಚೆಯೇ ಎದ್ದು ಹೊರಗೆ ಹೋದರು.

ಕಾಯಿಲೆಯವರ ಮನೆಗೆ ಒಂದಿಷ್ಟು ಆಸೆ ಹುಟ್ಟಿಸಿದರೆ ತಪ್ಪೇನು, ಸಿಸ್ಟರ್ ಎಂದು ಹುಡುಗನೊಬ್ಬ ವಿನಯದಿಂದಲೇ ಕೇಳಿದ. “ವಾಸಿ ಆಯ್ತು ಅನ್ನೋದು ತಪ್ಪಲ್ಲಪ್ಪ, ಆ ಕಾಯಿಲೇಲಿ ವಾಸಿಯಾಗಿ ಎದ್ದು ಓಡಾಡೋರು ಎಷ್ಟೋ ಜನ ಇದ್ದಾರೆ. ಆದ್ರೆ ಯಾರಿಂದ ಆಯ್ತು ಅಂತ ಇವ್ರು ಹೇಳಿದ್ದು? ಆ ಡಾಕ್ಟ್ರು ಎಲ್ಲೋದ್ರು? ಅಷ್ಟು ದಿನ ಓಡಾಡಿದ ಅಮ್ಮ ಎಲ್ಲೋದ್ಲು?” ಎಂದರು ಅವರು. ಹಾಡ್ಜ್‌ಕಿನ್ಸ್ ಲಿಂಫೋಮಾ ಕಿಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಕ್ಯಾನ್ಸರ್‌ಗಳಲ್ಲಿ ಒಂದು; 1980ರ ದಶಕದಲ್ಲೂ ಅದರಿಂದ ಗುಣವಾದವರು ಬಹಳ. ಚಿತ್ರ ಕಾಯಿಲೆಯನ್ನು ದೆವ್ವದ ಕಥೆಗೆ ಬಾಗಿಲಾಗಿ ಬಳಸಿಕೊಂಡು, ಕೊನೆಗೆ ಗುಣವಾದದ್ದರ ಕೀರ್ತಿಯನ್ನೂ ದೆವ್ವಕ್ಕೇ ಕೊಟ್ಟಿತು. ನಿಜವಾಗಿ ನಡೆದದ್ದು ಎಂದು ಸಾರಿದ ಚಿತ್ರದಲ್ಲಿ ನಿಜವಾಗಿ ನಡೆದಿದ್ದ ಮುಖ್ಯ ಸಂಗತಿಯನ್ನು, ಅಂದರೆ ಆಸ್ಪತ್ರೆಗೆ ಹತ್ತಿರವಾಗಲೆಂದು ಮಗನಿಗಾಗಿ ಮನೆ ಬದಲಿಸಿದ ಕುಟುಂಬದ ಹೆಣಗಾಟವನ್ನು, ಕೊನೆಯ ಬರಹ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಳಗದ ಸಭೆಯಲ್ಲಿ ಎರಡು ನಿರ್ಣಯಗಳಾದವು. ನಿಜ ಘಟನೆ ಆಧಾರಿತವೆಂದು ಹೇಳಿಕೊಳ್ಳುವ ಚಿತ್ರವನ್ನು ಇನ್ನು ಮುಂದೆ ತೋರಿಸುವಾಗ ಆ ಮಾತನ್ನು ಸೂಚನೆಯಲ್ಲಿ ಅಚ್ಚು ಮಾಡುವುದಿಲ್ಲ. ಬದಲಿಗೆ ಘಟನೆಯನ್ನು ಹೇಳಿದವರು ಯಾರು, ಬರೆದವರು ಯಾರು, ಚಿತ್ರ ಸೇರಿಸಿದ್ದೇನು ಎಂಬ ಒಂದು ಪುಟದ ಟಿಪ್ಪಣಿಯನ್ನು ಸದ್ಯಕ್ಕೆ ಪ್ರದರ್ಶನದ ನಂತರ ಓದಲಾಗುತ್ತದೆ. ಕಾಯಿಲೆ ಕಥೆಯ ಭಾಗವಾಗಿರುವ ಚಿತ್ರವಾದರೆ ಅದನ್ನು ಸೂಚನೆಯಲ್ಲೇ ತಿಳಿಸಿ, ಬರುವುದು ಬಿಡುವುದನ್ನು ಸದಸ್ಯರಿಗೆ ಬಿಡಲಾಗುತ್ತದೆ. ಟಿಪ್ಪಣಿಯನ್ನು ಮೊದಲೇ ಓದಬೇಕು ಎಂದು ನಾಟಕದ ಹಿರಿಯರು ಪಟ್ಟು ಹಿಡಿದರು. ಆ ವಿಷಯ ಇನ್ನೂ ತೀರ್ಮಾನವಾಗಿಲ್ಲ.